ದಿನಕ್ಕೊಂದೇ ಜಾಗ: ಮನೆಮಂದಿಯೊಂದಿಗೆ ಷಿಯಾನ್ ನೋಡಿದ ಬಗೆ

ಚೀನಾಕ್ಕೆ ಹೋಗುತ್ತೇವೆಂದರೆ ಪ್ರವಾಸ ಏಜೆಂಟರು ಮುಂದಿಡುವ ಪಟ್ಟಿ ಬಹುಮಟ್ಟಿಗೆ ಒಂದೇ: ಬೀಜಿಂಗ್, ಷಿಯಾನ್, ಶಾಂಘೈ, ಎಲ್ಲವೂ ಒಂದು ವಾರದೊಳಗೆ. ಎಪ್ಪತ್ತು ದಾಟಿದ ಅತ್ತೆ, ಏಳನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ ಜೊತೆಗಿರುವಾಗ ಆ ಪಟ್ಟಿ ನಮಗೆ ಒಗ್ಗುವಂಥದ್ದಲ್ಲ ಎನ್ನಿಸಿತು. ರಜೆಯನ್ನೆಲ್ಲ ಷಿಯಾನ್ ಒಂದಕ್ಕೇ ಮೀಸಲಿಟ್ಟೆವು. ಅಲ್ಲಿಯೂ ದಿನಕ್ಕೆ ಒಂದೇ ದೊಡ್ಡ ಜಾಗ, ಮಧ್ಯಾಹ್ನ ಕೋಣೆಗೆ ಮರಳಿ ವಿಶ್ರಾಂತಿ, ಸಂಜೆ ಹತ್ತಿರದಲ್ಲೇ ಒಂದು ಸುತ್ತು ಎಂದು ಗೊತ್ತುಮಾಡಿಕೊಂಡೆವು. ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ನಾನು ಮೊದಲು ಹೇಳುವ ಮಾತು ಇದೇ.

ಶಾಲೆಯಲ್ಲಿ ಇತಿಹಾಸ ಕಲಿಸುವ ನನಗೆ ಷಿಯಾನ್ ಇನ್ನೊಂದು ಕಾರಣಕ್ಕೂ ಬೇಕಾಗಿತ್ತು. ಇದು ಹಳೆಯ ಚಾಂಗ್‌ಆನ್, ಹಾನ್ ಮತ್ತು ಟಾಂಗ್ ಅರಸರ ರಾಜಧಾನಿ. ಇಮ್ಮಡಿ ಪುಲಕೇಶಿಯ ನಾಡನ್ನು ಕಣ್ಣಾರೆ ಕಂಡು ಬರೆದಿಟ್ಟ ಹ್ಯೂಯೆನ್ ತ್ಸಾಂಗ್ ಹೊರಟದ್ದು ಇದೇ ಊರಿನಿಂದ, ಮರಳಿ ಬಂದದ್ದೂ ಇಲ್ಲಿಗೇ.

ಏಪ್ರಿಲ್ ನಡುವಿನಲ್ಲಿ ಹೋದೆವು. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಶುರುವಾಗುವುದೂ ಆಗಲೇ. ಏಪ್ರಿಲ್ ಮೊದಲ ವಾರದಲ್ಲಿ ಚೀನೀಯರು ಹಿರಿಯರ ಸಮಾಧಿಗಳಿಗೆ ಹೋಗಿ ಬರುವ ಚಿಂಗ್‌ಮಿಂಗ್ ಹಬ್ಬವಿರುತ್ತದೆ, ಮೇ ಒಂದರಿಂದ ಕಾರ್ಮಿಕರ ರಜೆ. ಇವೆರಡರ ನಡುವಿನ ದಿನಗಳಲ್ಲಿ ಜನಜಂಗುಳಿ ತಕ್ಕಮಟ್ಟಿಗೆ ಕಡಿಮೆ, ಬಿಸಿಲೂ ಹಿತ. ಬೆಳಿಗ್ಗೆ ಮತ್ತು ರಾತ್ರಿ ಮಾತ್ರ ಸ್ವೆಟರ್ ಬೇಕು. ಅಕ್ಟೋಬರ್ ಮೊದಲ ವಾರವನ್ನು ಯಾರೂ ಆರಿಸಿಕೊಳ್ಳಬೇಡಿ, ಅದು ಅಲ್ಲಿಯ ರಾಷ್ಟ್ರೀಯ ರಜೆ, ದೇಶಕ್ಕೆ ದೇಶವೇ ಪ್ರವಾಸ ಹೊರಡುತ್ತದೆ.

ಹೊರಡುವ ಮೊದಲು ಮನೆಯಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸಗಳಿವೆ. ಅಲಿಪೇ ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ವಿವರ ತುಂಬಿ, ವಿದೇಶದಲ್ಲಿ ಬಳಸಲು ಅನುಮತಿ ಪಡೆದ ಕ್ರೆಡಿಟ್ ಕಾರ್ಡನ್ನು ಜೋಡಿಸಿಟ್ಟುಕೊಂಡೆವು. ತರಕಾರಿ ಮಾರುವ ಅಜ್ಜಿಯಿಂದ ಮೆಟ್ರೊವರೆಗೆ ಎಲ್ಲ ಕಡೆ ಹಣ ಕೊಡುವುದು ಮೊಬೈಲಿನಲ್ಲೇ. ನೋಟು ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಆದರೆ ಚಿಲ್ಲರೆಗೆ ಪರದಾಡುತ್ತಾರೆ. ಗೂಗಲ್, ವಾಟ್ಸ್‌ಆ್ಯಪ್ ಅಲ್ಲಿನ ಅಂತರ್ಜಾಲದಲ್ಲಿ ತೆರೆಯುವುದಿಲ್ಲ. ನಮ್ಮ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡದ್ದರಿಂದ ಊರಿನವರೊಂದಿಗೆ ಮಾತಿಗೆ ತೊಂದರೆಯಾಗಲಿಲ್ಲ. ಮುಖ್ಯ ತಾಣಗಳ ಟಿಕೆಟ್‌ಗಳನ್ನು ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟೇ ಕಾಯ್ದಿರಿಸಬೇಕು, ಬಾಗಿಲಲ್ಲಿ ತೋರಿಸಬೇಕಾದದ್ದೂ ಪಾಸ್‌ಪೋರ್ಟನ್ನೇ. ಹಾಗಾಗಿ ಎಲ್ಲರ ಪಾಸ್‌ಪೋರ್ಟ್‌ಗಳೂ ದಿನವೂ ಯಜಮಾನರ ಎದೆಚೀಲದಲ್ಲಿರುತ್ತಿದ್ದವು. ಹೋಟೆಲಿನ ಹೆಸರು, ವಿಳಾಸಗಳನ್ನು ಚೀನೀ ಲಿಪಿಯಲ್ಲಿ ಅಚ್ಚುಮಾಡಿಸಿ ಅತ್ತೆಯ ಪರ್ಸಿಗೂ ಮಕ್ಕಳ ಜೇಬಿಗೂ ಹಾಕಿದ್ದೆ.

ಹೋಟೆಲನ್ನು ಕೋಟೆಯ ಒಳಗೆ, ಗಂಟೆ ಗೋಪುರದ ಬಳಿ ಹಿಡಿದೆವು. ನಾಲ್ಕೂ ದಿಕ್ಕಿನ ಹೆದ್ದಾರಿಗಳು ಕೂಡುವ ಜಾಗದಲ್ಲಿ 1384ರ ಈ ಗೋಪುರ ನಿಂತಿದೆ. ಮೆಟ್ರೊ ಎರಡನೆಯ ಮಾರ್ಗ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಬಾಡಿಗೆ ತುಸು ಹೆಚ್ಚು. ಆದರೂ ಮಧ್ಯಾಹ್ನ ಕೋಣೆಗೆ ಬಂದು ಅತ್ತೆ ಕಾಲು ಚಾಚಿ ಮಲಗಬೇಕೆಂದರೆ ಹೋಟೆಲು ಊರ ನಡುವೆಯೇ ಇರಬೇಕು.

ಮೊದಲ ದೊಡ್ಡ ದಿನವನ್ನು, ಚಕ್ರವರ್ತಿಯೊಬ್ಬನ ಸಮಾಧಿ ಕಾಯಲೆಂದು ಗುಂಡಿಗಳಲ್ಲಿ ಹೂತಿಟ್ಟ ಮಣ್ಣಿನ ಸೇನೆಗೆ ಕೊಟ್ಟೆವು. ಅದಿರುವುದು ಊರಾಚೆಯ ಲಿನ್‌ಟಾಂಗ್‌ನಲ್ಲಿ. ಮೆಟ್ರೊ ಒಂಬತ್ತನೆಯ ಮಾರ್ಗದಲ್ಲಿ ಹುವಾಚಿಂಗ್ ಚಿ ನಿಲ್ದಾಣದವರೆಗೆ ಹೋಗಿ ಬಸ್ ಹಿಡಿಯಬಹುದು. ಅತ್ತೆಯ ಮಂಡಿನೋವಿನ ಕಾರಣ ನಾವು ಹೋಟೆಲಿನಿಂದಲೇ ಕಾರು ಮಾಡಿಕೊಂಡು ಬೇಗ ಹೊರಟೆವು. ಗುಂಪು ಪ್ರವಾಸಿಗರು ಬಂದು ತುಂಬುವ ಮೊದಲೇ ಒಳಗಿರಬೇಕೆಂಬುದು ನನ್ನ ಹಟ. ಮೂರನೆಯ ಗುಂಡಿಯಿಂದ ಆರಂಭಿಸಿ ಅತಿ ದೊಡ್ಡದನ್ನು ಕೊನೆಗೆ ನೋಡಿ ಎಂದು ಅನೇಕರು ಹೇಳುತ್ತಾರೆ. ಮನೆಮಂದಿಯೊಂದಿಗೆ ಹೋಗುವವರಿಗೆ ನನ್ನ ಸಲಹೆ ಬೇರೆ: ಕಾಲಲ್ಲಿ ಶಕ್ತಿಯಿರುವಾಗ, ಕಟಕಟೆಯ ಮುಂದೆ ನಿಲ್ಲಲು ಜಾಗವಿರುವಾಗ ಮೊದಲ ಗುಂಡಿಯನ್ನೇ ನೋಡಿಬಿಡಿ.

ಸುಮಾರು 230 ಮೀಟರ್ ಉದ್ದ, 62 ಮೀಟರ್ ಅಗಲದ ಗುಂಡಿ ಅದು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಷಿ ಹುವಾಂಗ್‌ನ ಸಮಾಧಿಯನ್ನು ಕಾಯಲೆಂದು ಮಾಡಿದ ಮಣ್ಣಿನ ಸೈನಿಕರು ಆಳೆತ್ತರದಲ್ಲಿ, ಸಾಲು ಸಾಲಾಗಿ ನಿಂತಿದ್ದಾರೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಇದು ಸಿಕ್ಕಿತು. ಅತ್ತೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಬ್ಬರ ಮುಖ ಇನ್ನೊಬ್ಬರಿಗಿಲ್ಲ ನೋಡಮ್ಮಾ, ಎಲ್ಲರೂ ಯಾರದೋ ಮನೆಯ ಮಕ್ಕಳ ಹಾಗೆಯೇ ಇದ್ದಾರೆ" ಎಂದರು.

ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಗುಂಡಿಯ ಹಿಂಬದಿ. ಮುಂದಿನ ಸಾಲುಗಳನ್ನಷ್ಟೇ ನೋಡಿ ಹೊರಟುಬಿಡುವವರು ಅಲ್ಲಿಗೆ ಹೋಗುವುದೇ ಇಲ್ಲ. ತಲೆಯಿಲ್ಲದ ಮೈಗಳು, ಪ್ಲಾಸ್ಟಿಕ್ ಹಾಳೆ ಸುತ್ತಿದ ತೋಳುಗಳು, ಅಂಟಿಸಿ ಪಟ್ಟಿ ಕಟ್ಟಿದ ಕುದುರೆಗಳು ಅಲ್ಲಿರುತ್ತವೆ. ಚಿನ್ ಸಾಮ್ರಾಜ್ಯ ಕುಸಿದ ಬಳಿಕ ಗುಂಡಿಗಳ ಮರದ ಚಾವಣಿಗೆ ಬೆಂಕಿ ಬಿದ್ದು, ಅದು ಸೈನಿಕರ ಮೇಲೆಯೇ ಕುಸಿಯಿತು. ನಾವು ನೋಡುವ ಪ್ರತಿಯೊಬ್ಬನನ್ನೂ ಚೂರು ಚೂರು ಹೊಂದಿಸಿ ಎಬ್ಬಿಸಿ ನಿಲ್ಲಿಸಲಾಗಿದೆ ಎಂದು ತಿಳಿದ ಮೇಲೆ ಮಗ ಮುಂದಿನ ಸಾಲಿಗೆ ಹಿಂದಿರುಗಿ, ಕುತ್ತಿಗೆಯ ಬಿರುಕುಗಳನ್ನು ಹುಡುಕುತ್ತ ನಿಂತ. ಇವರೆಲ್ಲರಿಗೂ ಬಣ್ಣವಿತ್ತು. ಬಣ್ಣದ ಕೆಳಗಿನ, ಮರದ ರಸದಿಂದ ಮಾಡಿದ ಮೆರುಗೆಣ್ಣೆಯ ಪದರವು ಮಣ್ಣಿನಿಂದ ಹೊರಬಂದು ಒಣಗಾಳಿ ತಾಕಿದ ಕೆಲವೇ ನಿಮಿಷಗಳಲ್ಲಿ ಮುದುಡಿ ಉದುರುತ್ತದೆ. ತಜ್ಞರು ಉಳಿದ ಭಾಗವನ್ನು ಅಗೆಯಲು ಅವಸರ ಮಾಡದಿರುವುದಕ್ಕೆ ಇದೊಂದು ಕಾರಣ.

ಎರಡನೆಯ ಗುಂಡಿಯಿಂದ ಬಂದ, ಮಂಡಿಯೂರಿದ ಬಿಲ್ಲುಗಾರನನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅವನ ಹಿಂದಕ್ಕೆ ಹೋಗಿ ಪಾದ ನೋಡಲು ಮರೆಯಬೇಡಿ. ಚಪ್ಪಲಿಯ ಅಟ್ಟೆಯ ಹೊಲಿಗೆಯನ್ನೂ ಕೆತ್ತಿದ್ದಾರೆ: ಬೆರಳು ಮತ್ತು ಹಿಮ್ಮಡಿಯ ಕಡೆ ಒತ್ತಾಗಿ, ನಡುವೆ ವಿರಳವಾಗಿ. ಹಲವು ಬೊಂಬೆಗಳ ಮೈಮೇಲೆ ಕೆಲಸದ ಮೇಸ್ತ್ರಿಗಳ ಹೆಸರುಗಳಿವೆ. ನಮ್ಮ ಹೊಯ್ಸಳ ಶಿಲ್ಪಗಳ ಕೆಳಗೂ ದಾಸೋಜ, ಮಲ್ಲಿತಮ್ಮ ಎಂದು ಹೆಸರುಗಳಿವೆಯಲ್ಲ ಎಂದು ಮಗಳು ಕೇಳಿದಳು. ಹೌದು, ಆದರೆ ಕಾರಣ ಬೇರೆ. ಬೇಲೂರಿನಲ್ಲಿ ಶಿಲ್ಪಿ ತನ್ನ ಹೆಮ್ಮೆಗೆ ಬರೆದುಕೊಂಡ. ಇಲ್ಲಿ ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕೆಂದು ಆಳುವವರು ಬರೆಸಿದರು. ತರಗತಿಯಲ್ಲಿ ಒಂದು ಗಂಟೆ ಹೇಳಿದರೂ ದಾಟಿಸಲಾಗದ ವ್ಯತ್ಯಾಸ ಅಲ್ಲಿ ನಿಂತ ನಿಲುವಿನಲ್ಲೇ ಅವಳಿಗೆ ತಿಳಿಯಿತು. ಅರ್ಧ ಅಳತೆಯ ಕಂಚಿನ ರಥಗಳಿಗೆ ಬೇರೆಯೇ ಸಂಗ್ರಹಾಲಯವಿದೆ. ಅತ್ತೆ ದಣಿದಿದ್ದರಿಂದ ಯಜಮಾನರು ಮಕ್ಕಳನ್ನಷ್ಟೇ ಅಲ್ಲಿಗೆ ಕರೆದೊಯ್ದರು.

ಕೋಟೆಗೋಡೆಗೆ ಒಂದು ಸಂಜೆ ಸಾಕು. ಮಿಂಗ್ ಕಾಲದ ಈ ಗೋಡೆ ಹಳೆಯ ಊರನ್ನು ಪೂರ್ತಿ ಸುತ್ತುವರಿದಿದೆ, ಸುತ್ತಳತೆ ಹದಿನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ, ಎತ್ತರ ಹನ್ನೆರಡು ಮೀಟರ್. ಮೇಲೆ ಎರಡು ಲಾರಿಗಳು ಅಕ್ಕಪಕ್ಕ ಹೋಗುವಷ್ಟು ಅಗಲ. ದಕ್ಷಿಣದ ಯೋಂಗ್‌ನಿಂಗ್ ಬಾಗಿಲಲ್ಲಿ ಹತ್ತಿದರೆ ಸೈಕಲ್ ಬಾಡಿಗೆಗೆ ಸಿಗುತ್ತದೆ, ಇಬ್ಬರು ತುಳಿಯುವ ಸೈಕಲ್ಲೂ ಇದೆ. ಇಟ್ಟಿಗೆಯ ನೆಲ ಕುಲುಕುತ್ತದೆಯಾದರೂ ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಹೆಚ್ಚಿನ ಸಂಭ್ರಮ ಇನ್ನೊಂದಿರಲಿಲ್ಲ. ನಾನೂ ಅತ್ತೆಯೂ ಬ್ಯಾಟರಿ ವಾಹನದಲ್ಲಿ ಕುಳಿತು ಒಳಗಿನ ಹಳೆಯ ಮನೆಗಳ ಹೆಂಚುಗಳನ್ನೂ ಹೊರಗಿನ ಎತ್ತರದ ಕಟ್ಟಡಗಳನ್ನೂ ನೋಡುತ್ತ ಹೋದೆವು. ಸೂರ್ಯ ಮುಳುಗಲು ಎರಡು ಗಂಟೆಯಿರುವಾಗ ಹತ್ತಿದರೆ ಬಿಸಿಲಿನ ಕಾಟವಿಲ್ಲ, ಇಳಿಯುವ ಹೊತ್ತಿಗೆ ದೀಪಗಳೂ ಬೆಳಗಿರುತ್ತವೆ.

ದಾಯಾನ್ ಪಗೋಡದ ದಿನಕ್ಕಾಗಿ ನಾನು ಕಾದಿದ್ದೆ. ಹ್ಯೂಯೆನ್ ತ್ಸಾಂಗ್ ಭಾರತದಿಂದ ಹೊತ್ತು ತಂದ 657 ಗ್ರಂಥಗಳನ್ನು ಕಾಪಿಡಲು 652ರಲ್ಲಿ ಕಟ್ಟಿಸಿದ ಗೋಪುರ ಅದು. ಮುಂದೆ ಹಲವು ಬಾರಿ ದುರಸ್ತಿಯಾಗಿ ಈಗ ಏಳು ಅಂತಸ್ತುಗಳಲ್ಲಿ ನಿಂತಿದೆ. ದೇವಾಲಯದ ಆವರಣಕ್ಕೆ ಒಂದು ಟಿಕೆಟ್, ಗೋಪುರ ಹತ್ತಲು ಮತ್ತೊಂದು. ಮರದ ಮೆಟ್ಟಿಲುಗಳು ಕಡಿದಾಗಿವೆ, ಹಿರಿಯರು ಹತ್ತಬೇಕಾಗಿಲ್ಲ. ಅಂಗಳದ ಮರಗಳ ನೆರಳೇ ಅತ್ತೆಗೆ ಹೆಚ್ಚು ಹಿಡಿಸಿತು. ಕೆಳಗಿನ ದಕ್ಷಿಣ ಬಾಗಿಲ ಎರಡೂ ಬದಿಗೆ 653ರ ಎರಡು ಶಿಲಾಶಾಸನಗಳಿವೆ, ಆತ ಮಾಡಿದ ಅನುವಾದಗಳಿಗೆ ಚಕ್ರವರ್ತಿಗಳು ಬರೆದ ಮುನ್ನುಡಿಗಳು ಅವು.

ಬಾದಾಮಿಯ ಗುಹೆಗಳನ್ನು ಹಿಂದಿನ ವರ್ಷ ನೋಡಿ ಬಂದಿದ್ದ ಮಕ್ಕಳಿಗೆ ಆ ಅಂಗಳದಲ್ಲಿ ಕುಳಿತೇ ಕಥೆ ಹೇಳಿದೆ. ಸುಮಾರು 640ರಲ್ಲಿ ಈ ಭಿಕ್ಷು ಪುಲಕೇಶಿಯ ರಾಜ್ಯಕ್ಕೆ ಬಂದ. ಅಲ್ಲಿನ ಜನರು ಉಪಕಾರ ಮರೆಯದವರು, ಅವಮಾನ ಸಹಿಸದವರು ಎಂದು ಬರೆದ. ಯುದ್ಧಕ್ಕೆ ಹೊರಡುವ ಮುನ್ನ ವೀರರಿಗೂ ಆನೆಗಳಿಗೂ ಮದ್ಯ ಕುಡಿಸುತ್ತಿದ್ದರೆಂಬುದನ್ನೂ ದಾಖಲಿಸಿದ. ಉತ್ತರವನ್ನೆಲ್ಲ ಗೆದ್ದ ಹರ್ಷವರ್ಧನನಿಂದಲೂ ಈ ನಾಡನ್ನು ಮಣಿಸಲಾಗಲಿಲ್ಲ ಎಂದ. ಹರ್ಷನ ಆದರಕ್ಕೆ ಪಾತ್ರನಾಗಿದ್ದವನೇ ಹೀಗೆ ಬರೆದದ್ದರಿಂದ ಐಹೊಳೆ ಶಾಸನದ ಮಾತಿಗೆ ಹೊರಗಿನವನೊಬ್ಬನ ಸಾಕ್ಷಿ ಸಿಕ್ಕಂತಾಯಿತು. ಆತ 645ರಲ್ಲಿ ಚಾಂಗ್‌ಆನ್‌ಗೆ ಮರಳಿ, ಮರುವರ್ಷ ಪ್ರವಾಸ ಕಥನವನ್ನು ಮುಗಿಸುವ ಹೊತ್ತಿಗೆ ಬಾದಾಮಿ ಪಲ್ಲವರ ಕೈಸೇರಿತ್ತು, ಪುಲಕೇಶಿ ಬದುಕಿರಲಿಲ್ಲ. ರಾಜ್ಯ ಕುಸಿದಿದ್ದರೂ ಅದರ ಕೀರ್ತಿ ಇಷ್ಟು ದೂರದ ಊರಿನಲ್ಲಿ ಬರಹವಾಗಿ ಉಳಿಯಿತೆಂದು ಹೇಳುವಾಗ ನನ್ನ ದನಿ ಕಟ್ಟಿತು. ಪಠ್ಯಪುಸ್ತಕದ ಆ ಒಂದು ಸಾಲನ್ನು ವರ್ಷಗಟ್ಟಲೆ ಕಲಿಸಿದವಳಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ರಾತ್ರಿ ಪಗೋಡದ ಉತ್ತರದ ಚೌಕದಲ್ಲಿ ಸಂಗೀತ ಕಾರಂಜಿ ನಡೆಯುತ್ತದೆ. ಜನ ವಿಪರೀತ, ಮಕ್ಕಳ ಕೈ ಬಿಡುವಂತಿಲ್ಲ. ತಪ್ಪಿದರೂ ನಷ್ಟವಿಲ್ಲ.

ಇನ್ನು ಊಟ. ನಾವು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಹಂದಿಕೊಬ್ಬು ಯಾವುದೂ ಬೇಡ ಎಂದು ಒಂದೊಂದನ್ನೂ ಹೆಸರಿಸಿ ಚೀನೀ ಲಿಪಿಯಲ್ಲಿ ಚೀಟಿ ಮಾಡಿಕೊಂಡಿದ್ದೆ. ಬರೀ ಸಸ್ಯಾಹಾರ ಎಂದರೆ ಸಾಲದು, ತರಕಾರಿಯನ್ನು ಮಾಂಸದ ಸಾರಿನಲ್ಲಿ ಬೇಯಿಸಿ ತಂದಿಡುವ ಸಾಧ್ಯತೆ ಇರುತ್ತದೆ. ಷಿಯಾನ್‌ನ ಲಿಯಾಂಗ್‌ಪಿ ನಮ್ಮನ್ನು ಉಳಿಸಿತು. ಅಕ್ಕಿ ಅಥವಾ ಗೋಧಿಯ ಹಿಟ್ಟನ್ನು ತೆಳ್ಳಗೆ ಹಬೆಯಲ್ಲಿ ಬೇಯಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸೌತೆಕಾಯಿ, ಮೊಳಕೆಕಾಳು, ವಿನೆಗರ್, ಮೆಣಸಿನಕಾಯಿ ಎಣ್ಣೆ ಬೆರೆಸಿ ಕೊಡುತ್ತಾರೆ. ಖಾರಕ್ಕೆ ಒಗ್ಗಿದ ನಮ್ಮ ನಾಲಿಗೆಗೆ ಹೇಳಿ ಮಾಡಿಸಿದ ತಿಂಡಿ. ಬೆಳಿಗ್ಗೆ ಜೆಂಗ್‌ಗಾವೊ ಸಿಗುತ್ತದೆ. ಅಂಟು ಅಕ್ಕಿಯನ್ನು ಕೆಂಪು ಖರ್ಜೂರದಂಥ ಹಣ್ಣಿನೊಂದಿಗೆ ಗಂಟೆಗಟ್ಟಲೆ ಹಬೆಯಲ್ಲಿಟ್ಟು ಮಾಡುವ ಸಿಹಿ ಅದು, ಅತ್ತೆ ಮತ್ತೆ ಮತ್ತೆ ಕೇಳಿ ತಿಂದರು. ನಿಲ್ದಾಣ, ಸಂಗ್ರಹಾಲಯ, ರೈಲು ಎಲ್ಲೆಡೆಯೂ ಕುದಿವ ನೀರು ಉಚಿತವಾಗಿ ಸಿಗುವುದರಿಂದ ನಾವು ಒಯ್ದಿದ್ದ ಅವಲಕ್ಕಿ, ಉಪ್ಪಿಟ್ಟಿನ ಪುಡಿ ಒಂದು ಡಬ್ಬಿಯಲ್ಲೇ ಊಟವಾಗುತ್ತಿದ್ದವು.

ಮುಸ್ಲಿಮರ ಕೇರಿಯ ಬೀದಿಯಲ್ಲಿ ಕುರಿಮಾಂಸದ ಹೊಗೆ ದಟ್ಟವಾಗಿರುತ್ತದೆ, ಸಸ್ಯಾಹಾರಿಗಳಿಗೆ ಕಷ್ಟ. ಆದರೂ ಅದನ್ನು ದಾಟಿ ಮಹಾಮಸೀದಿಗೆ ಹೋಗಲೇಬೇಕು. ಗುಮ್ಮಟವಿಲ್ಲ, ನಮಗೆ ಪರಿಚಿತವಾದ ಮಿನಾರುಗಳೂ ಇಲ್ಲ. ಒಂದರ ಹಿಂದೊಂದು ಅಂಗಳ, ಚೀನೀ ಸೂರು, ಮರದ ಮಂಟಪಗಳು. ಗದ್ದಲದ ಬೀದಿಯಿಂದ ಒಳಗೆ ಕಾಲಿಟ್ಟರೆ ಹಕ್ಕಿಗಳ ಸದ್ದು ಕೇಳಿಸುತ್ತದೆ.

ಷಾನ್ಷಿ ಇತಿಹಾಸ ಸಂಗ್ರಹಾಲಯದ ಉಚಿತ ಟಿಕೆಟ್‌ಗಳು ಬಿಡುಗಡೆಯಾದ ಕೂಡಲೇ ಮುಗಿದುಹೋಗುತ್ತವೆ. ಸಿಗದಿದ್ದರೆ ಚಿಕ್ಕ ಪಗೋಡದ ಆವರಣದಲ್ಲಿರುವ ಷಿಯಾನ್ ಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ನೆಮ್ಮದಿಯಿಂದ ಸುತ್ತಾಡಬಹುದು. 1556ರ ಭೀಕರ ಭೂಕಂಪದಲ್ಲಿ ತುದಿ ಕಳೆದುಕೊಂಡು, ಹದಿನೈದರಲ್ಲಿ ಹದಿಮೂರು ಅಂತಸ್ತು ಉಳಿದ ಪಗೋಡ ಪಕ್ಕದಲ್ಲೇ ಇದೆ.

ಶಾಸನಗಳಲ್ಲಿ ಆಸಕ್ತಿಯಿರುವವರು ದಕ್ಷಿಣ ಬಾಗಿಲಿನ ಬಳಿಯ ಬೇಲಿನ್ ಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. 837ರಲ್ಲಿ ಮುಗಿದ 114 ಕಲ್ಲುಗಳ ಎರಡೂ ಮೈಮೇಲೆ ಕನ್‌ಫ್ಯೂಷಿಯಸ್ ಪರಂಪರೆಯ ಹನ್ನೆರಡು ಗ್ರಂಥಗಳಿವೆ. ಪರೀಕ್ಷೆಗೆ ಓದುವವರು ಬಂದು ತಮ್ಮ ಪ್ರತಿಯನ್ನು ತಾಳೆನೋಡಿಕೊಳ್ಳಲೆಂದು ನಿಲ್ಲಿಸಿದವು. ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಶಾಯಿ ತಟ್ಟಿ ಅಚ್ಚು ತೆಗೆಯುವುದನ್ನು ಅಲ್ಲಿ ಹತ್ತಿರದಿಂದ ನೋಡಿದೆ. ನಮ್ಮ ಶಾಸನತಜ್ಞರು ಊರೂರು ಅಲೆದು ಹಳಗನ್ನಡದ ಕಲ್ಲುಗಳನ್ನು ಪಡಿಯಚ್ಚು ಮಾಡಿಕೊಂಡದ್ದೂ ಇದೇ ವಿಧಾನದಲ್ಲಿ. ಮಕ್ಕಳಿಗೆ ಇಲ್ಲಿ ಹತ್ತು ನಿಮಿಷದಲ್ಲೇ ಬೇಸರ ಬರುತ್ತದೆ. ಅವರನ್ನು ಹೊರಗೆ ಕುಂಚ, ಶಾಯಿ ಮಾರುವ ಅಂಗಡಿಗಳ ಸಾಲಿಗೆ ಯಾರಾದರೂ ಕರೆದೊಯ್ಯಲಿ, ನೀವು ಒಬ್ಬರೇ ಒಳಗಿರಿ.