ಲ್ಯಾಟಿನ್‌ನಲ್ಲಿ ಹೆಣ್ಣು, ಗಂಡು, ಲಿಂಗ: ಸರಿಯಾದ ಪದವನ್ನು ಆರಿಸುವ ಬಗೆ

ಲ್ಯಾಟಿನ್ ಓದುವಾಗಲಾಗಲಿ ಬರೆಯುವಾಗಲಾಗಲಿ, ಮಾತು ದೇಹವನ್ನು ಕುರಿತದ್ದೋ, ವ್ಯಕ್ತಿಯನ್ನು ಕುರಿತದ್ದೋ, ವ್ಯಾಕರಣವನ್ನು ಕುರಿತದ್ದೋ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ದೇಹದ ಗಂಡು ಹೆಣ್ಣೆಂಬ ಭೇದಕ್ಕೆ ‘ಸೆಕ್ಸುಸ್’ ಎಂಬ ಪದವಿದೆ. ವ್ಯಾಕರಣದ ಲಿಂಗಕ್ಕೆ ‘ಗೆನುಸ್’. ಗೆನುಸ್ ಎಂದರೆ ಕುಲ, ಬಗೆ ಎಂದೂ ಅರ್ಥವಾಗುವುದರಿಂದ, ಇಂದು ನಾವು ಜೆಂಡರ್ (ಸಮಾಜ ಕಟ್ಟಿಕೊಂಡ ಗಂಡು ಹೆಣ್ಣೆಂಬ ಗುರುತು) ಎನ್ನುವ ಪರಿಕಲ್ಪನೆಯನ್ನು ರೋಮನ್ನರ ಬರಹದಲ್ಲಿ ಆ ಪದ ಕಂಡೊಡನೆ ಆರೋಪಿಸಬಾರದು.

ಮನುಷ್ಯ ಎಂದಷ್ಟೇ ಹೇಳಬೇಕಾದಲ್ಲಿ ‘ಹೊಮೊ’ ಬಳಸಿ. ಅದನ್ನು ಗಂಡಸು ಎಂದು ಅನುವಾದಿಸುವುದು ಬಹುಪಾಲು ಸಂದರ್ಭಗಳಲ್ಲಿ ತಪ್ಪು. ಕ್ರಿ.ಪೂ. 45ರಲ್ಲಿ ಮಗಳು ತುಲ್ಲಿಯಾಳನ್ನು ಕಳೆದುಕೊಂಡ ರೋಮಿನ ವಾಗ್ಮಿ ಸಿಸೆರೊಗೆ ಸಮಾಧಾನ ಹೇಳಿ ಪತ್ರ ಬರೆದ ಗೆಳೆಯ ಸರ್ವಿಯಸ್ ಸಲ್ಪಿಸಿಯಸ್, ಆಕೆ ‘ಹೊಮೊ ನಾತಾ’, ಅಂದರೆ ಮನುಷ್ಯಳಾಗಿ ಹುಟ್ಟಿದವಳಾದ್ದರಿಂದ ಎಂದಾದರೊಂದು ದಿನ ಸಾಯಲೇಬೇಕಿತ್ತು ಎನ್ನುತ್ತಾನೆ. ಇಲ್ಲಿ ‘ನಾತಾ’ ಸ್ತ್ರೀಲಿಂಗದ ರೂಪ.

ವಯಸ್ಕ ಪುರುಷನಿಗೆ ‘ವಿರ್’, ವಯಸ್ಕ ಹೆಂಗಸಿಗೆ ‘ಮುಲಿಯೆರ್’. ವಿರ್ ಎಂಬುದು ಗಂಡ ಎಂಬ ಅರ್ಥದಲ್ಲೂ ಬರುತ್ತದೆ ಮತ್ತು ಗೌರವವನ್ನು ಹೊತ್ತಿರುತ್ತದೆ. ವಯಸ್ಸಿಗೆ ಬಂದ ಗುಲಾಮನನ್ನೂ ರೋಮನ್ನರು ಹುಡುಗ ಎಂಬರ್ಥದ ‘ಪುಎರ್’ ಎಂದೇ ಕರೆಯುತ್ತಿದ್ದರೆಂಬುದನ್ನು ಓದುಗರು ಮರೆಯಬಾರದು. ‘ಮಾಸ್’ ಮತ್ತು ‘ಫೇಮಿನಾ’ ಗಂಡು ಹೆಣ್ಣೆಂಬ ಭೇದವನ್ನು ಪ್ರಾಣಿಗಳಿಗೂ ಹೇಳುತ್ತವೆ.

ಕನ್ನಡದಲ್ಲಿ ಲಿಂಗವು ಹೆಚ್ಚಾಗಿ ಅರ್ಥವನ್ನು ಅನುಸರಿಸುವುದರಿಂದ ನಮಗೆ ತೊಡಕಾಗುವುದು ಲ್ಯಾಟಿನ್ ವ್ಯಾಕರಣದಲ್ಲಿ. ಪದದ ಕೊನೆಯನ್ನು ನೋಡಿ ಲಿಂಗವನ್ನು ಊಹಿಸದೆ, ನಿಘಂಟಿನಲ್ಲಿ ಕೊಟ್ಟಿರುವ ಲಿಂಗಸೂಚಕ ಅಕ್ಷರವನ್ನೇ ನಂಬಬೇಕು. ನಾವಿಕ ಎಂಬರ್ಥದ ‘ನೌತಾ’ ಆಕಾರಾಂತವಾದರೂ ಪುಲ್ಲಿಂಗ; ಮರಗಳ ಹೆಸರುಗಳು ‘ಉಸ್’ ಎಂದು ಮುಗಿದರೂ ಸಾಮಾನ್ಯವಾಗಿ ಸ್ತ್ರೀಲಿಂಗ. ನಮ್ಮ ಅರಳಿಮರದ ಸಸ್ಯಶಾಸ್ತ್ರೀಯ ಹೆಸರು ‘ಫೈಕಸ್ ರಿಲಿಜಿಯೋಸಸ್’ ಆಗದೆ ‘ಫೈಕಸ್ ರಿಲಿಜಿಯೋಸಾ’ ಆಗಿರುವುದು ಈ ಕಾರಣದಿಂದಲೇ.

ಗಂಡು ಹೆಣ್ಣಿನ ಎರಡೂ ಲಕ್ಷಣಗಳೊಡನೆ ಹುಟ್ಟಿದವರನ್ನು ಮೊದಲು ‘ಆಂದ್ರೊಗಿನುಸ್’ ಎನ್ನುತ್ತಿದ್ದರೆಂದೂ, ತನ್ನ ಕಾಲದಲ್ಲಿ ‘ಹೆರ್ಮಾಫ್ರೊದಿತುಸ್’ ಎನ್ನುತ್ತಾರೆಂದೂ ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಅಂಥವರಲ್ಲಿ ಯಾವ ಲಕ್ಷಣ ಪ್ರಧಾನವೋ ಆ ಲಿಂಗದವರೆಂದೇ ಎಣಿಸಬೇಕೆಂದು ನ್ಯಾಯವೇತ್ತ ಉಲ್ಪಿಯನ್ ಹೇಳಿದ ಮಾತು ರೋಮನ್ ಕಾನೂನಿನ ಸಂಗ್ರಹದಲ್ಲಿ ಉಳಿದಿದೆ. ಹಳೆಯ ಪಠ್ಯವನ್ನು ವಿವರಿಸುವಾಗ ಈ ಪದಗಳನ್ನು ಇದ್ದಂತೆಯೇ ಕೊಡಿ. ಆದರೆ ಇಂದು ಬದುಕಿರುವ ವ್ಯಕ್ತಿಗಳಿಗೆ ಅವನ್ನು ಅನ್ವಯಿಸಬೇಡಿ. ‘ಅರೆಗಂಡು’ ಎಂಬರ್ಥದ ‘ಸೆಮಿವಿರ್’ ಅಂತೂ ರೋಮಿನಲ್ಲೇ ಬೈಗುಳವಾಗಿ ಬಳಕೆಯಲ್ಲಿತ್ತು.