ಆಫ್ರಿಕದ ಗೇರುಬೀಜಕ್ಕೆ ಸುಂಕ ವಿನಾಯಿತಿ: ನಾವು ಪಡೆಯುವ ಕ್ರಮ

ಕರಾವಳಿಯ ಬೀಜದ ಫ್ಯಾಕ್ಟರಿಗಳು ಊರಿನ ಬೆಳೆಯನ್ನೇ ನಂಬಿ ಕೂತರೆ ವರ್ಷದಲ್ಲಿ ಕೆಲವೇ ತಿಂಗಳು ನಡೆದಾವು. ಉಳಿದ ದಿನಗಳಿಗೆ ಆಫ್ರಿಕದ ಬೀಜವೇ ಗತಿ. ಕಾರ್ಕಳದ ಕಡೆಯ ನಮ್ಮ ಘಟಕದಲ್ಲಿ ಆಮದಿನ ಕಾಗದಪತ್ರ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಹೊಸದಾಗಿ ಆಮದಿಗೆ ಇಳಿಯುವವರು ಡಿಎಫ್‌ಟಿಪಿ (ಅತಿ ಹಿಂದುಳಿದ ದೇಶಗಳ ಮಾಲಿಗೆ ಭಾರತ ಕೊಡುವ ಸುಂಕ ವಿನಾಯಿತಿ ಯೋಜನೆ) ಬಗ್ಗೆ ಕೇಳುತ್ತಲೇ ಇರುತ್ತಾರೆ. ನಾವು ಹೇಗೆ ಮಾಡುತ್ತೇವೆ ಅಂತ ಬರೆದಿದ್ದೇನೆ.

ಸಿಪ್ಪೆ ಸಮೇತ ಬರುವ ಬೀಜಕ್ಕೆ, ಅಂದರೆ ಎಚ್‌ಎಸ್ ಸರಕು ವರ್ಗೀಕರಣ ಸಂಖ್ಯೆ 0801 31ಕ್ಕೆ, ಮೂಲ ಸುಂಕ ಶೇ 2.5. 2018ರ ಬಜೆಟ್‌ಗೆ ಮುಂಚೆ ಶೇ 5 ಇತ್ತು. ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್ ಸೇರಿದರೆ ಕೈಯಿಂದ ಹೋಗುವುದು ಶೇ 2.75. ಅತಿ ಹಿಂದುಳಿದ ದೇಶಗಳಲ್ಲಿ ಬೆಳೆದ ಬೀಜವಾದರೆ ಇದು ಸೊನ್ನೆ. 2008ರ ಏಪ್ರಿಲ್‌ನಲ್ಲಿ ದೆಹಲಿಯ ಭಾರತ-ಆಫ್ರಿಕ ಶೃಂಗಸಭೆಯಲ್ಲಿ ಮನಮೋಹನ್ ಸಿಂಗ್ ಈ ಯೋಜನೆ ಘೋಷಿಸಿದಾಗ ಹತ್ತಿ, ಕೋಕೋ ಜತೆಗೆ ಗೇರುಬೀಜದ ಹೆಸರನ್ನೂ ಎತ್ತಿ ಹೇಳಿದ್ದರು. ಅದೇ ಆಗಸ್ಟ್‌ನಲ್ಲಿ ಬಂದ 96/2008 ಕಸ್ಟಮ್ಸ್ ಅಧಿಸೂಚನೆಯೇ ಇವತ್ತಿಗೂ ಆಧಾರ. ಐಜಿಎಸ್‌ಟಿಗೆ ವಿನಾಯಿತಿ ಇಲ್ಲ, ಅದನ್ನು ಕಟ್ಟಿ ಕ್ರೆಡಿಟ್ ತೆಗೆದುಕೊಳ್ಳಬೇಕು.

ತಿರುಳನ್ನು ರಫ್ತು ಮಾಡುವವರಿಗೆ ಅಡ್ವಾನ್ಸ್ ಆಥರೈಸೇಶನ್ (ರಫ್ತಿಗೆ ಬೇಕಾದ ಕಚ್ಚಾ ಮಾಲು ತರಲು ಕೊಡುವ ಪರವಾನಗಿ) ದಾರಿ ಉಂಟು, ಅವರು ಸುಂಕ ಕಟ್ಟದೆಯೇ ತರಬಹುದು. ನಮ್ಮ ಮಾಲು ಬಹುಪಾಲು ಹೋಗುವುದು ಬೆಂಗಳೂರು, ಮುಂಬೈ, ದೆಹಲಿಗೆ. ಹಾಗಾಗಿ ನಮಗೆ ಡಿಎಫ್‌ಟಿಪಿ ಬಿಟ್ಟರೆ ಬೇರೆ ದಾರಿ ಇಲ್ಲ.

ಬೆನಿನ್, ಟಾಂಜಾನಿಯಾ, ಮೊಜಾಂಬಿಕ್, ಸೆನೆಗಲ್, ಬುರ್ಕಿನಾ ಫಾಸೊ ಪಟ್ಟಿಯಲ್ಲಿವೆ. ಘಾನಾ, ನೈಜೀರಿಯಾ ಇಲ್ಲ. ಲೋಕದಲ್ಲೇ ಅತಿ ಹೆಚ್ಚು ಬೀಜ ಬೆಳೆಯುವ ಐವರಿ ಕೋಸ್ಟ್ ಕೂಡ ಇಲ್ಲ. ದೇಶ ಬಡವಾಗಿದ್ದರಷ್ಟೇ ಸಾಲದು; ಅದು ಭಾರತಕ್ಕೆ ಒಪ್ಪಿಗೆ ಪತ್ರ ಕೊಟ್ಟು ಅಧಿಸೂಚನೆಯ ಪಟ್ಟಿಗೆ ಸೇರಿರಬೇಕು. ಪ್ರತಿ ಸೀಸನ್‌ಗೆ ಮುಂಚೆ ಆ ಪಟ್ಟಿ ತೆರೆದು ನೋಡುವುದು ನಮ್ಮಲ್ಲಿ ರೂಢಿ.

ಇನ್ನು ಲೆಕ್ಕಾಚಾರ. ಸುಂಕ ಇಲ್ಲ ಎಂಬ ಒಂದೇ ಕಾರಣಕ್ಕೆ ದೇಶ ಆರಿಸಬೇಡಿ. ಬೀಜದ ಬೆಲೆ ಕಟ್ಟುವುದು ಔಟ್‌ಟರ್ನ್ ಮೇಲೆ: 80 ಕಿಲೋ ಚೀಲದಲ್ಲಿ ಎಷ್ಟು ಪೌಂಡ್ ತಿರುಳು ಸಿಗುತ್ತದೆ ಎಂಬುದರ ಮೇಲೆ. ನಾವು ಬೇರೆ ಬೇರೆ ಚೀಲಗಳಿಂದ ಸ್ಯಾಂಪಲ್ ಎಳೆದು, ಕಲಸಿ, ಒಂದು ಕಿಲೋ ತೂಗಿ, ಬೀಜ ಎಣಿಸಿ, ಒಂದೊಂದನ್ನೇ ಕತ್ತರಿಸುತ್ತೇವೆ. ಚೆನ್ನಾಗಿರುವ ತಿರುಳು ಒಂದು ಕಡೆ, ಚುಕ್ಕೆ ಬಿದ್ದದ್ದು ಒಂದು ಕಡೆ, ಕಪ್ಪಾದದ್ದು, ಪೊಳ್ಳು ಇನ್ನೊಂದು ಕಡೆ. ಚುಕ್ಕೆಯದ್ದಕ್ಕೆ ಅರ್ಧ ತೂಕ ಹಿಡಿಯುವುದು ವಾಡಿಕೆ. ಕಿಲೋಗೆ 272 ಗ್ರಾಂ ಬಂದರೆ ಔಟ್‌ಟರ್ನ್ 48. ಆ ಮಟ್ಟದಲ್ಲಿ ಒಂದು ಪೌಂಡ್ ಎಂದರೆ ಬೆಲೆಯಲ್ಲಿ ಹತ್ತಿರಹತ್ತಿರ ಶೇ 2. ಅಲ್ಲಿಗೆ ಸುಂಕದಲ್ಲಿ ಉಳಿಯುವ ಶೇ 2.75ರ ಯೋಗ್ಯತೆ ಒಂದೂಕಾಲು ಪೌಂಡಿಗಿಂತ ತುಸು ಹೆಚ್ಚು, ಅಷ್ಟೇ. ಘಾನಾದ 49ರ ಮಾಲು ಬಿಟ್ಟು, ಸುಂಕ ಇಲ್ಲವೆಂದು ಅದೇ ಬೆಲೆಗೆ 46ರ ಮಾಲು ತಂದವನು ಲಾಭ ಮಾಡಿದ ಹಾಗಲ್ಲ. ಆಚೆಯ ವ್ಯಾಪಾರಿಗಳಿಗೂ ಈ ರಿಯಾಯಿತಿ ಗೊತ್ತು ಮಾರಾಯ್ರೆ, ದರ ಹೇಳುವಾಗ ಅದರಲ್ಲೊಂದು ಪಾಲು ತಮ್ಮ ಕಡೆ ಎಳೆದುಕೊಂಡೇ ಹೇಳುತ್ತಾರೆ.

ಕಾಗದದಲ್ಲಿ ಮುಖ್ಯವಾದದ್ದು ಮೂಲ ಪ್ರಮಾಣಪತ್ರ, ನಾವು ಸಿಒಒ ಅನ್ನುತ್ತೇವೆ. ಯೋಜನೆಗೆಂದೇ ಗೊತ್ತುಮಾಡಿದ ನಮೂನೆಯಲ್ಲೇ ಇರಬೇಕು. ಮಾಲು ಪೂರ್ತಿಯಾಗಿ ಆ ದೇಶದಲ್ಲೇ ಬೆಳೆದದ್ದು ಎಂಬ ಕಲಂ ತುಂಬಿರಬೇಕು. ಸಹಿ, ಮೊಹರು ಆ ದೇಶ ನಮ್ಮ ಕಸ್ಟಮ್ಸ್‌ಗೆ ಮೊದಲೇ ಕಳಿಸಿದ ಮಾದರಿಗೆ ತಾಳೆಯಾಗಬೇಕು. ಒಮ್ಮೆ ಒಬ್ಬ ಸಪ್ಲೈಯರ್ ಅಲ್ಲಿನ ವಾಣಿಜ್ಯ ಮಂಡಳಿಯ ಮಾಮೂಲಿ ಪ್ರಮಾಣಪತ್ರ ಕಳಿಸಿಬಿಟ್ಟ. ಅದರಲ್ಲೂ ದೇಶದ ಹೆಸರಿತ್ತು, ಮೊಹರಿತ್ತು, ಆದರೆ ನಮೂನೆ ಬೇರೆ. ವಿನಾಯಿತಿ ಸಿಗಲಿಲ್ಲ. ಅಷ್ಟರಲ್ಲಿ ಮಂಗಳೂರಿನ ಪಣಂಬೂರು ಬಂದರಿನಲ್ಲಿ ಕಂಟೇನರ್ ಇಳಿದಾಗಿತ್ತು, ಹೊರಗೆ ಜೂನ್ ತಿಂಗಳ ಮಳೆ. ಪಶ್ಚಿಮ ಆಫ್ರಿಕದ ಸೀಸನ್ ಫೆಬ್ರವರಿಯಿಂದ ಜೂನ್‌ವರೆಗಾದ್ದರಿಂದ ಕೊನೆಯ ಲಾಟುಗಳು ಸರಿಯಾಗಿ ನಮ್ಮ ಮಳೆಗಾಲಕ್ಕೇ ಬರುತ್ತವೆ. ಕಂಟೇನರ್ ಒಳಗೆ ಬೆವರಿದ ನೀರು ಮೇಲಿನ ಚೀಲಗಳ ಮೇಲೆ ತೊಟ್ಟಿಕ್ಕಿ ಬೂಸ್ಟು ಹಿಡಿದರೆ ಔಟ್‌ಟರ್ನ್ ಇಳಿಯಿತೆಂದೇ ಲೆಕ್ಕ. ಅದಕ್ಕೆ ಸುಂಕದ ಅಂತಿಮ ತೀರ್ಮಾನ ಆಮೇಲೆ ಆಗಲೆಂದು ತಾತ್ಕಾಲಿಕ ಅಸೆಸ್‌ಮೆಂಟ್ ಮಾಡಿಸಿ, ಬಾಂಡ್ ಮತ್ತು ಬ್ಯಾಂಕ್ ಗ್ಯಾರಂಟಿ ಕೊಟ್ಟು ಮಾಲು ಬಿಡಿಸಿಕೊಂಡೆವು. ಸರಿಯಾದ ಪ್ರಮಾಣಪತ್ರ ಆಮೇಲೆ ಬಂತು. ಗ್ಯಾರಂಟಿ ವಾಪಸ್ ಬರಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಸಣ್ಣ ಲಾಟಾದರೆ ಸುಂಕ ಕಟ್ಟಿಯೇ ಬಿಡಿಸಿಕೊಳ್ಳುವುದು ಅಗ್ಗ, ಯಾರ್ಡ್ ಬಾಡಿಗೆ ಮತ್ತು ಕಂಟೇನರ್ ಡಿಟೆನ್ಷನ್ (ತಡವಾಗಿ ಮರಳಿಸಿದ್ದಕ್ಕೆ ಕಟ್ಟುವ ದಂಡ) ಯಾರಿಗೂ ಕಾಯುವುದಿಲ್ಲ.

ಆ ಮೇಲಿಂದ ನಾವು ಬ್ಯಾಂಕಿನ ಪಾವತಿ ಭರವಸೆ ಪತ್ರದಲ್ಲೇ, ಅಂದರೆ ಎಲ್‌ಸಿಯಲ್ಲೇ ಬರೆಸುತ್ತೇವೆ: ಡಿಎಫ್‌ಟಿಪಿ ನಮೂನೆಯ ಸಿಒಒ ಇಲ್ಲದಿದ್ದರೆ ಪಾವತಿ ಇಲ್ಲ. ಹಡಗು ಹತ್ತುವ ಮುಂಚೆ ಡ್ರಾಫ್ಟ್ ಸ್ಕ್ಯಾನ್ ತರಿಸಿ ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗಿನ ಸಾಗಣೆ ರಸೀದಿ), ಫೈಟೋಸ್ಯಾನಿಟರಿ (ಕೀಟ-ರೋಗ ಇಲ್ಲವೆಂಬ) ಪ್ರಮಾಣಪತ್ರದ ಜತೆ ಚೀಲದ ಸಂಖ್ಯೆ, ತೂಕ, ಕಂಟೇನರ್ ನಂಬರ್ ಹೊಂದಿಸಿ ನೋಡುತ್ತೇವೆ. ಸಮುದ್ರದಲ್ಲಿ ಬೀಜ ಒಣಗಿ ತೂಕ ಸ್ವಲ್ಪ ಇಳಿಯುವುದು ಸಹಜ, ಅದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಕಾಗದ ಕಾಗದಕ್ಕೇ ಹೊಂದದಿದ್ದರೆ ಮಾತ್ರ ಪ್ರಶ್ನೆ ಏಳುತ್ತದೆ.

ಬುರ್ಕಿನಾ ಫಾಸೊಗೆ ಸಮುದ್ರವಿಲ್ಲ, ಮಾಲು ಪಕ್ಕದ ದೇಶದ ಬಂದರಿಗೆ ಲಾರಿಯಲ್ಲಿ ಬರಬೇಕು. ದಾರಿಯಲ್ಲಿ ಅದು ಅಲ್ಲಿನ ಮಾರುಕಟ್ಟೆಗೆ ಇಳಿದಿಲ್ಲ ಎಂದು ಸಾಗಣೆ ದಾಖಲೆಯಲ್ಲಿ ತೋರಿಸಬೇಕಾಗುತ್ತದೆ. ಹೊಸಬರು ಮೊದಲ ಲಾಟನ್ನೇ ಅಲ್ಲಿಂದ ತರಿಸುವುದು ಬೇಡ ಎಂದೇ ನನ್ನ ಸಲಹೆ.

2020ರ ಸೆಪ್ಟೆಂಬರ್‌ನಲ್ಲಿ ಮಾಲಿನ ಮೂಲ ದೇಶದ ಪರಿಶೀಲನೆಗೆಂದು ಕ್ಯಾರೋಟಾರ್ ನಿಯಮ ಬಂದ ಮೇಲೆ ಹೊಣೆ ಆಮದುದಾರನ ಹೆಗಲಿಗೇ ಬಿದ್ದಿದೆ. ‘ಸಿಒಒ ಉಂಟಲ್ಲ’ ಎಂದರೆ ಮುಗಿಯಿತು ಎನ್ನುವ ಕಾಲ ಹೋಯಿತು. ಬೀಜ ಯಾವ ಪ್ರದೇಶದ್ದು, ಯಾರಿಂದ ಖರೀದಿಯಾದದ್ದು ಎಂಬ ಮಾಹಿತಿ ನಮ್ಮ ಬಳಿಯೇ ಇರಬೇಕು. ಟಾಂಜಾನಿಯಾದ ಬೀಜ ಗೋದಾಮು ರಸೀದಿ ಪದ್ಧತಿಯಲ್ಲಿ ಹರಾಜಾಗುವುದರಿಂದ ಈ ಜಾಡು ಸಿಗುವುದು ಸುಲಭ. ಪ್ರತಿ ಲಾಟಿಗೂ ಬೇರೆ ಫೈಲು ಮಾಡಿ ಐದು ವರ್ಷ ಇಡುತ್ತೇವೆ.

ಸದ್ಯಕ್ಕೆ ನಮಗಿರುವ ತಲೆನೋವು ಕಸ್ಟಮ್ಸ್‌ನದ್ದಲ್ಲ. ಬೆನಿನ್ 2024ರ ಏಪ್ರಿಲ್‌ನಿಂದ ಹಸಿ ಬೀಜದ ರಫ್ತನ್ನೇ ನಿಲ್ಲಿಸಿದೆ. ಸಿಪ್ಪೆ ಒಡೆಯುವ ಕೆಲಸ ತಮ್ಮ ಊರಿನವರಿಗೇ ಸಿಗಲಿ ಎಂಬುದು ಅವರ ಲೆಕ್ಕ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸೆನೆಗಲ್ 2029ರ ಡಿಸೆಂಬರ್‌ನಲ್ಲಿ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಲಿದೆ. ಅಕ್ಟೋಬರ್‌ನಿಂದ ಶುರುವಾಗುವ ಟಾಂಜಾನಿಯಾ, ಮೊಜಾಂಬಿಕ್ ಸೀಸನ್‌ಗೆ ಈಗ ಹೆಚ್ಚು ಹಣ ಎತ್ತಿಡುತ್ತಿದ್ದೇವೆ. ಆ ಮಾಲು ಬರುವ ಹೊತ್ತಿಗೆ ಮಂಗಳೂರಿನಲ್ಲಿ ಮಳೆಯೂ ಇರುವುದಿಲ್ಲ.