ಮನೆಯ ಫೈಬರ್ ಸಂಪರ್ಕದಲ್ಲಿ ಟೊರೆಂಟಿಗೆ ಪೋರ್ಟ್ ತೆರೆಯುವ ಕ್ರಮ

ಟೊರೆಂಟ್ ಎಂದರೆ ಜನರ ಕಂಪ್ಯೂಟರ್‌ಗಳೇ ಪರಸ್ಪರ ನೇರವಾಗಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆ, ಪೋರ್ಟ್ ಎಂದರೆ ಹೊರಗಿನ ಸಂಪರ್ಕ ಒಳಬರುವ, ಸಂಖ್ಯೆ ಇರುವ ಬಾಗಿಲು. ಉಬುಂಟು ಲಿನಕ್ಸ್‌ನ ಐಎಸ್‌ಓ ಫೈಲ್ ಇಳಿಸಿಕೊಳ್ಳುವವರು ಪೋರ್ಟಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದಕ್ಕೆ ಬೇಕಾದಷ್ಟು ಸೀಡ್‌ಗಳಿವೆ, ಅಂದರೆ ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವ ಕಂಪ್ಯೂಟರ್‌ಗಳಿವೆ. ನಿಮ್ಮ ಪೋರ್ಟ್ ಮುಚ್ಚಿದ್ದರೂ ನಿಮ್ಮ ಕಂಪ್ಯೂಟರೇ ಹೊರಗೆ ಹೋಗಿ ಹತ್ತಾರು ಪೀರ್‌ಗಳನ್ನು (ಅದೇ ಫೈಲ್ ಹಂಚಿಕೊಳ್ಳುತ್ತಿರುವ ಇತರ ಕಂಪ್ಯೂಟರ್‌ಗಳನ್ನು) ಹಿಡಿದು ಫೈಲ್ ತರುತ್ತದೆ. ಪೋರ್ಟಿನ ಬೆಲೆ ಗೊತ್ತಾಗುವುದು ಅಪರೂಪದ ಫೈಲು ಹಂಚುವಾಗ. ಹಕ್ಕುಸ್ವಾಮ್ಯ ಮುಗಿದ ನೂರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, 40 ಜಿಬಿಯ ಟೊರೆಂಟ್ ಮಾಡಿ, ಧಾರವಾಡದ ಮನೆಯಿಂದ ಸೀಡ್ ಮಾಡುತ್ತಿದ್ದೀರಿ ಎನ್ನಿ. ಡಲ್ಲಾಸ್‌ನಲ್ಲಿರುವ ಕನ್ನಡಿಗರೊಬ್ಬರು ಅದನ್ನು ಇಳಿಸಲು ಹೊರಡುತ್ತಾರೆ. ಇಬ್ಬರ ಪೋರ್ಟೂ ಮುಚ್ಚಿದ್ದರೆ ನೀವು ಕರೆದದ್ದನ್ನು ಅವರ ರೌಟರ್ ಒಳಗೆ ಬಿಡುವುದಿಲ್ಲ, ಅವರು ಕರೆದದ್ದನ್ನು ನಿಮ್ಮದು ಬಿಡುವುದಿಲ್ಲ. ಪಟ್ಟಿಯಲ್ಲಿ ಒಂದು ಸೀಡ್ ಇದೆ ಎಂದು ಕಾಣುತ್ತಲೇ ಇರುತ್ತದೆ, ಇಳಿದದ್ದು ಮಾತ್ರ ಸೊನ್ನೆ. ಮುಚ್ಚಿದ ಇಬ್ಬರನ್ನು ಜೋಡಿಸುವ ಹೋಲ್ ಪಂಚಿಂಗ್ ಎಂಬ ಉಪಾಯ ಟೊರೆಂಟಿನಲ್ಲಿ ಇದೆ. ಆದರೆ ಅದಕ್ಕೆ ಇಬ್ಬರನ್ನೂ ಬಲ್ಲ ಮೂರನೆಯ ಪೀರ್ ಬೇಕು, ಇಬ್ಬರೇ ಇರುವಲ್ಲಿ ಆ ಮೂರನೆಯವರು ಇರುವುದಿಲ್ಲ. ಇಬ್ಬರಲ್ಲಿ ಒಬ್ಬರ ಪೋರ್ಟ್ ತೆರೆದಿದ್ದರೆ ಸಾಕು. ಆ ಒಬ್ಬರು ಸೀಡ್ ಮಾಡುವವರೇ ಆಗಿರಬೇಕು, ಏಕೆಂದರೆ ಇಳಿಸುವವರ ರೌಟರ್ ನಿಮ್ಮ ಕೈಯಲ್ಲಿ ಇಲ್ಲ.

ಇಲ್ಲಿ ಕ್ಯೂಬಿಟ್‌ಟೊರೆಂಟ್ ಎಂಬ ಟೊರೆಂಟ್ ಪ್ರೋಗ್ರಾಮ್ ಮತ್ತು ವಿಂಡೋಸ್ ಇಟ್ಟುಕೊಂಡು ಹೇಳಿದೆ. ಟ್ರಾನ್ಸ್‌ಮಿಷನ್, ಡೆಲ್ಯೂಜ್ ಬಳಸುವವರಿಗೂ ಕ್ರಮ ಇದೇ, ಮೆನುವಿನ ಹೆಸರುಗಳಷ್ಟೇ ಬೇರೆ.

ಮೊದಲು ನೋಡಬೇಕಾದದ್ದು: ನಿಮಗೆ ಪಬ್ಲಿಕ್ ಐಪಿ ಇದೆಯೇ?

ಪಬ್ಲಿಕ್ ಐಪಿ ಎಂದರೆ ಹೊರಗಿನವರು ನೇರವಾಗಿ ತಲುಪಬಲ್ಲ ಇಂಟರ್ನೆಟ್ ವಿಳಾಸ. ಅದು ಇದೆಯೇ ಎಂದು ನೋಡದೆ ರೌಟರ್ ಸೆಟ್ಟಿಂಗ್‌ಗೆ ಕೈ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ತೆರೆಯಿರಿ. ಯೂಸರ್‌ನೇಮ್, ಪಾಸ್‌ವರ್ಡ್ ಸಾಮಾನ್ಯವಾಗಿ ರೌಟರ್ ತಳದ ಸ್ಟಿಕ್ಕರ್‌ನಲ್ಲಿ ಇರುತ್ತವೆ. ಒಳಗೆ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೌಟರ್‌ಗೆ ಹೊರಗಿನಿಂದ ಸಿಕ್ಕ ವಿಳಾಸ) ಎಂದಿರುವ ಅಂಕಿಯನ್ನು ಬರೆದುಕೊಳ್ಳಿ. ಆಮೇಲೆ ನಿಮ್ಮ ಐಪಿ ತೋರಿಸುವ ಯಾವುದಾದರೂ ಸೈಟಿನಲ್ಲಿ ಕಾಣುವ ಐಪಿವಿ4 ಅಂಕಿಯನ್ನು (ಚುಕ್ಕೆ ಇಟ್ಟು ಬರೆದ ನಾಲ್ಕು ಸಂಖ್ಯೆ) ಅದರ ಪಕ್ಕದಲ್ಲಿ ಬರೆಯಿರಿ. ವಿಪಿಎನ್ ಇದ್ದರೆ ಆಗ ಆಫ್ ಮಾಡಿರಬೇಕು.

ಎರಡೂ ಒಂದೇ ಆಗಿದ್ದರೆ ಮುಂದಿನ ಹೆಜ್ಜೆಗೆ ಹೋಗಬಹುದು. ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ನಿಮ್ಮ ಪಬ್ಲಿಕ್ ಐಪಿಯನ್ನು ಇತರ ಮನೆಗಳೊಂದಿಗೆ ಹಂಚಿಕೊಂಡಿದ್ದೀರಿ. ಏಷ್ಯಾ ಪೆಸಿಫಿಕ್ ವಲಯಕ್ಕೆ ವಿಳಾಸ ಹಂಚುವ ಎಪಿನಿಕ್‌ನಲ್ಲಿ ಐಪಿವಿ4 ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಹಂತಕ್ಕೆ ಬಂತು. ಅಲ್ಲಿಂದ ಮುಂದೆ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚುವುದು ಹೆಚ್ಚಾಯಿತು, 2012ರಲ್ಲಿ ಈ 100.64ರ ಸಾಲನ್ನು ಅದಕ್ಕೆಂದೇ ಮೀಸಲಿಟ್ಟರು. ನೀವು ಪೋರ್ಟ್ ತೆರೆಯುವುದು ನಿಮ್ಮ ಮನೆಯ ರೌಟರ್‌ನಲ್ಲಿ, ಅದರ ಮುಂದಿನ ಬಾಗಿಲು ಕಂಪನಿಯ ಉಪಕರಣದಲ್ಲಿದೆ. ಅದನ್ನು ತೆರೆಯಲು ನಿಮಗೆ ದಾರಿಯಿಲ್ಲ. ಗ್ರಾಹಕ ಸೇವೆಗೆ ಫೋನ್ ಮಾಡಿ "ನನ್ನನ್ನು ಸಿಜಿನ್ಯಾಟ್‌ನಿಂದ ತೆಗೆದು ಪಬ್ಲಿಕ್ ಐಪಿ ಕೊಡಿ" ಎಂದು ಇದೇ ಮಾತುಗಳಲ್ಲಿ ಕೇಳಿ. ಅವರು ಸ್ಟ್ಯಾಟಿಕ್ ಐಪಿ ಮಾರಲು ನೋಡಬಹುದು, ಅದಕ್ಕೆ ಬೇರೆ ಶುಲ್ಕ ಇರುತ್ತದೆ. ಟೊರೆಂಟಿಗೆ ಸ್ಟ್ಯಾಟಿಕ್ ಬೇಕಾಗಿಲ್ಲ, ಬದಲಾಗುವ ಪಬ್ಲಿಕ್ ಐಪಿಯೇ ಸಾಕು. ಐಪಿ ಬದಲಾದರೆ ಟ್ರ್ಯಾಕರ್‌ಗೂ (ಪೀರ್‌ಗಳ ಪಟ್ಟಿ ಇಡುವ ಸರ್ವರ್) ಡಿಎಚ್‌ಟಿಗೂ (ಪೀರ್‌ಗಳೇ ತಮ್ಮಲ್ಲಿ ಇಟ್ಟುಕೊಳ್ಳುವ ಪಟ್ಟಿ) ಟೊರೆಂಟ್ ಪ್ರೋಗ್ರಾಮ್ ತಾನೇ ಹೊಸದನ್ನು ತಿಳಿಸುತ್ತದೆ.

ವ್ಯಾನ್ ಐಪಿ 192.168 ಎಂದು ಶುರುವಾಗಿದ್ದರೆ ಬಹುಮಟ್ಟಿಗೆ ಮನೆಯೊಳಗೇ ಎರಡು ರೌಟರ್‌ಗಳಿವೆ: ಫೈಬರ್ ಬಂದು ಸೇರುವ ಓಎನ್‌ಟಿ ಒಂದು, ನೀವು ಕೊಂಡು ಹಾಕಿದ ವೈಫೈ ರೌಟರ್ ಇನ್ನೊಂದು. ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಸಂಪರ್ಕ ದಾಟಿಸುವುದಷ್ಟೇ) ಹಾಕಿಸುವುದು ಸರಿಯಾದ ದಾರಿ, ಆದರೆ ಆಗ ಪಿಪಿಪಿಓಇ (ಕಂಪನಿಯ ಸಂಪರ್ಕಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ನಿಮ್ಮ ರೌಟರ್‌ನಲ್ಲಿ ತುಂಬಬೇಕಾಗುತ್ತದೆ. ಅವು ಕೈಗೆ ಸಿಗದೆ ಬ್ರಿಡ್ಜ್ ಮಾಡಿದರೆ ಮನೆಯ ಇಂಟರ್ನೆಟ್ಟೇ ನಿಲ್ಲುತ್ತದೆ. ಸಿಗದಿದ್ದರೆ ಓಎನ್‌ಟಿಯಿಂದ ರೌಟರ್‌ಗೆ ಒಮ್ಮೆ, ರೌಟರ್‌ನಿಂದ ಕಂಪ್ಯೂಟರ್‌ಗೆ ಒಮ್ಮೆ, ಹೀಗೆ ಎರಡು ಕಡೆ ಫಾರ್ವರ್ಡ್ ಮಾಡಿ, ಅಂದರೆ ಆ ಪೋರ್ಟಿಗೆ ಬಂದದ್ದನ್ನು ಮುಂದಕ್ಕೆ ಕಳಿಸುವ ನಿಯಮ ಹಾಕಿ.

ಯಾವ ಪೋರ್ಟ್?

ಬಿಟ್‌ಟೊರೆಂಟ್‌ನ ಹಳೆಯ ಪೋರ್ಟ್‌ಗಳು 6881ರಿಂದ 6889. ಅವು ಬೇಡ: ಕೆಲವು ಟ್ರ್ಯಾಕರ್‌ಗಳು ಅವನ್ನು ಒಪ್ಪುವುದಿಲ್ಲ, ಟೊರೆಂಟಿನ ವೇಗ ಇಳಿಸುವವರು ಮೊದಲು ಹುಡುಕುವುದೂ ಅವನ್ನೇ. 49152ರಿಂದ 65535ರೊಳಗೆ ಒಂದು ಆರಿಸಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ವಿಂಡೋಸ್‌ನಲ್ಲಿ ಆ ಸಲಹೆಯೇ ಕಾಟ ಕೊಡುತ್ತದೆ. ವಿಂಡೋಸ್ ತನ್ನ ತಾತ್ಕಾಲಿಕ ಸಂಪರ್ಕಗಳಿಗೆ ಬಳಸುವುದು ಅದೇ ಸಾಲನ್ನು. ಹೈಪರ್‌ವಿ, ಡಾಕರ್ ಅಥವಾ ಡಬ್ಲ್ಯುಎಸ್‌ಎಲ್ (ಕಂಪ್ಯೂಟರಿನೊಳಗೆ ಬೇರೆ ವ್ಯವಸ್ಥೆ ಓಡಿಸುವ ಸಾಧನಗಳು) ಹಾಕಿದ್ದರೆ ಆ ಸಾಲಿನ ಪೋರ್ಟ್‌ಗಳನ್ನು ಗುಂಪುಗುಂಪಾಗಿ ಕಾದಿರಿಸಿಬಿಡುತ್ತದೆ. ನಿನ್ನೆ ಕೆಲಸ ಮಾಡಿದ ಪೋರ್ಟ್ ಇವತ್ತು ಕಂಪ್ಯೂಟರ್ ಮರುಚಾಲೂ ಮಾಡಿದ ಮೇಲೆ ಸಿಗದೇ ಹೋಗುವುದು ಹೀಗೆ. ಲಿನಕ್ಸ್ ಇದೇ ಕೆಲಸಕ್ಕೆ 32768ರಿಂದ 60999 ಬಳಸುತ್ತದೆ. ಆದ್ದರಿಂದ 20000ದಿಂದ 32000ದ ನಡುವಿನ ಒಂದು ಸಂಖ್ಯೆ ಎರಡಕ್ಕೂ ಕ್ಷೇಮ. ಇಲ್ಲಿ 28417 ಎಂದು ಇಟ್ಟುಕೊಳ್ಳೋಣ, ನೀವು ನಿಮ್ಮದೇ ಒಂದನ್ನು ಆರಿಸಿ.

ಕ್ಯೂಬಿಟ್‌ಟೊರೆಂಟ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಕನೆಕ್ಷನ್‌ಗೆ ಹೋಗಿ ಒಳಬರುವ ಸಂಪರ್ಕದ ಪೋರ್ಟ್ ಎಂಬಲ್ಲಿ 28417 ತುಂಬಿ. ಪಕ್ಕದ ರ‍್ಯಾಂಡಮ್ ಬಟನ್ ಒತ್ತಬೇಡಿ. ಹಳೆಯ ಆವೃತ್ತಿಗಳಲ್ಲಿ ಪ್ರತಿ ಸಲ ಬೇರೆ ಪೋರ್ಟ್ ಬಳಸುವ ಟಿಕ್ ಇದ್ದರೆ ತೆಗೆಯಿರಿ. ಅದರ ಕೆಳಗಿನ ಯುಪಿಎನ್‌ಪಿ ಟಿಕ್ ಹಾಕಿದರೆ ರೌಟರ್ ತಾನೇ ಪೋರ್ಟ್ ತೆರೆಯುತ್ತದೆ, ಹತ್ತು ನಿಮಿಷದ ಕೆಲಸ ಉಳಿಯುತ್ತದೆ. ಆದರೂ ನಮ್ಮ ಸಲಹೆ ಬೇಡವೆಂದೇ. ರೌಟರ್‌ನಲ್ಲಿ ಯುಪಿಎನ್‌ಪಿ ಆನ್ ಇದ್ದರೆ ಟಿವಿ, ಕ್ಯಾಮೆರಾ, ಯಾರೋ ಹಾಕಿದ ಸಾಫ್ಟ್‌ವೇರ್, ಎಲ್ಲವೂ ಕೇಳದೆಯೇ ಬಾಗಿಲು ತೆರೆಯಬಹುದು. ಕೈಯಾರೆ ಒಂದೇ ಪೋರ್ಟ್ ತೆರೆದು ಯುಪಿಎನ್‌ಪಿ ಆಫ್ ಮಾಡುವುದು ಒಳ್ಳೆಯದು.

ಕಂಪ್ಯೂಟರ್‌ನ ಐಪಿ ಅಲುಗಾಡದಂತೆ

ಫಾರ್ವರ್ಡ್ ನಿಯಮ ಹೋಗುವುದು ಒಂದು ಐಪಿಗೆ. ರೌಟರ್ ನಾಳೆ ನಿಮ್ಮ ಕಂಪ್ಯೂಟರ್‌ಗೆ ಬೇರೆ ಐಪಿ ಕೊಟ್ಟರೆ ನಿಯಮ ಯಾರದೋ ಫೋನಿಗೆ ತೋರಿಸುತ್ತಿರುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಪ್ರಾಪರ್ಟೀಸ್ ತೆರೆದರೆ ಐಪಿವಿ4 ವಿಳಾಸವೂ ಮ್ಯಾಕ್ ಅಡ್ರೆಸ್ಸೂ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಅಲ್ಲೇ ಇವೆ. ರೌಟರ್‌ನ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ಐಪಿ ಹಂಚುವ) ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬಲ್ಲಿ ಆ ಮ್ಯಾಕ್‌ಗೆ 192.168.1.50 (ರೌಟರ್ 192.168.0.1 ಆಗಿದ್ದರೆ 192.168.0.50) ಎಂದು ಕಟ್ಟಿಹಾಕಿ, ಕಂಪ್ಯೂಟರ್‌ನ ಸಂಪರ್ಕ ಒಮ್ಮೆ ಕಡಿದು ಸೇರಿಸಿ. ಲ್ಯಾಪ್‌ಟಾಪ್‌ಗೆ ಕೇಬಲ್‌ನ ಮ್ಯಾಕ್ ಬೇರೆ, ವೈಫೈನ ಮ್ಯಾಕ್ ಬೇರೆ ಎಂಬುದು ನೆನಪಿರಲಿ. ವೈಫೈನಲ್ಲಿ ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್ ಆನ್ ಇದ್ದರೆ ರಿಸರ್ವೇಶನ್ ನಿಲ್ಲದೇ ಹೋಗಬಹುದು, ಅದನ್ನು ಆಫ್ ಮಾಡಿ.

ರೌಟರ್‌ನಲ್ಲಿ

ಪುಟದ ಹೆಸರು ಪೋರ್ಟ್ ಫಾರ್ವರ್ಡಿಂಗ್, ವರ್ಚುವಲ್ ಸರ್ವರ್ ಅಥವಾ ಪೋರ್ಟ್ ಮ್ಯಾಪಿಂಗ್ ಎಂದಿರುತ್ತದೆ. ಪೋರ್ಟ್ ಟ್ರಿಗರಿಂಗ್ ಎಂಬುದು ಬೇರೆಯೇ ವಿಷಯ, ಅದಕ್ಕೆ ಹೋಗಬೇಡಿ. ಹೊರಗಿನ ಪೋರ್ಟ್ 28417, ಒಳಗಿನ ಪೋರ್ಟ್ 28417, ಒಳಗಿನ ಐಪಿ 192.168.1.50. ಪ್ರೊಟೊಕಾಲ್‌ನಲ್ಲಿ (ಡೇಟಾ ಸಾಗಿಸುವ ವಿಧಾನ) ಟಿಸಿಪಿ, ಯುಡಿಪಿ ಎರಡೂ ಬೇಕು. ಎರಡನ್ನೂ ಒಟ್ಟಿಗೆ ಆರಿಸಲು ಬಾರದ ರೌಟರ್‌ನಲ್ಲಿ ಎರಡು ನಿಯಮ ಮಾಡಿ. ಡಿಎಚ್‌ಟಿ ಮತ್ತು ಯುಟಿಪಿ (ಟೊರೆಂಟ್ ಫೈಲ್ ಸಾಗಿಸುವ ಒಂದು ವಿಧಾನ) ಓಡಾಡುವುದು ಯುಡಿಪಿಯಲ್ಲಿ, ಅದನ್ನು ಮರೆತರೆ ಅರ್ಧ ಬಾಗಿಲು ತೆರೆದಂತೆ.

ಫೈಬರ್ ಕಂಪನಿಯವರು ಕೊಟ್ಟ ಓಎನ್‌ಟಿಗಳಲ್ಲಿ ಇನ್ನೊಂದು ಖಾನೆ ಇರುತ್ತದೆ: ವ್ಯಾನ್ ಇಂಟರ್‌ಫೇಸ್. ಅದನ್ನು ಒತ್ತಿದರೆ ಇಂಟರ್ನೆಟ್, ವಿಓಐಪಿ, ಟಿಆರ್069 ಎಂಬಂಥ ಎರಡು ಮೂರು ಹೆಸರುಗಳು ಬರುತ್ತವೆ. ಫೋನಿನ ಸಾಲಿಗೋ ಕಂಪನಿಯ ನಿರ್ವಹಣೆಯ ಸಾಲಿಗೋ ನಿಯಮ ಹೋಗಿ ಕುಳಿತರೆ ಯಾವ ಎರರ್ ಸಂದೇಶವೂ ಬರುವುದಿಲ್ಲ, ಸೇವ್ ಆಯಿತು ಎಂದೇ ತೋರಿಸುತ್ತದೆ, ಪೋರ್ಟ್ ಮಾತ್ರ ತೆರೆಯುವುದಿಲ್ಲ. ಇಂಟರ್ನೆಟ್ ಎಂಬ ಪದ ಇರುವ ಸಾಲನ್ನೇ ಆರಿಸಿ.

ಬೇಗ ಮುಗಿಯಲಿ ಎಂದು ಡಿಎಂಜಡ್ ಆನ್ ಮಾಡಬೇಡಿ, ಅದು ಕಂಪ್ಯೂಟರ್‌ನ ಎಲ್ಲ ಪೋರ್ಟ್‌ಗಳನ್ನೂ ಹೊರಗೆ ಒಡ್ಡುತ್ತದೆ. ಕ್ಯೂಬಿಟ್‌ಟೊರೆಂಟ್‌ನ ವೆಬ್ ಪುಟದ 8080, ಟ್ರಾನ್ಸ್‌ಮಿಷನ್‌ನ 9091 ಕೂಡ ಎಂದಿಗೂ ಫಾರ್ವರ್ಡ್ ಮಾಡಬಾರದು. ಅವು ನಿಯಂತ್ರಣದ ಪುಟಗಳು, ಫೈಲ್ ಹಂಚಿಕೆಗೆ ಬೇಕಾಗಿಲ್ಲ.

ವಿಂಡೋಸ್ ಫೈರ್‌ವಾಲ್

ಅಡ್ವಾನ್ಸ್ಡ್ ಸೆಕ್ಯುರಿಟಿ ಇರುವ ಫೈರ್‌ವಾಲ್ ಕಿಟಕಿಯಲ್ಲಿ ಇನ್‌ಬೌಂಡ್ ರೂಲ್ಸ್, ನ್ಯೂ ರೂಲ್, ಪೋರ್ಟ್, ಟಿಸಿಪಿ, 28417, ಅಲೋ. ಇದನ್ನೇ ಯುಡಿಪಿಗೆ ಮತ್ತೊಮ್ಮೆ. ಮನೆಯ ವೈಫೈ ಪಬ್ಲಿಕ್ ನೆಟ್‌ವರ್ಕ್ ಎಂದು ದಾಖಲಾಗಿದ್ದು ನಿಯಮ ಪ್ರೈವೇಟ್‌ಗೆ ಮಾತ್ರ ಇದ್ದರೆ ಅದು ಲೆಕ್ಕಕ್ಕಿಲ್ಲ. ಮನೆಯ ನೆಟ್‌ವರ್ಕನ್ನು ಪ್ರೈವೇಟ್‌ಗೆ ಬದಲಿಸಿ.

ಇಷ್ಟಾದರೂ ತೆರೆಯದಿದ್ದರೆ ಅದೇ ಪಟ್ಟಿಯಲ್ಲಿ ಕ್ಯೂಬಿಟ್‌ಟೊರೆಂಟ್ ಎಂಬ ಹೆಸರನ್ನು ಹುಡುಕಿ. ಮೊದಲ ಸಲ ಪ್ರೋಗ್ರಾಮ್ ತೆರೆದಾಗ ಬಂದ ಅನುಮತಿಯ ಪ್ರಶ್ನೆಗೆ ಕ್ಯಾನ್ಸಲ್ ಒತ್ತಿದ್ದರೆ ವಿಂಡೋಸ್ ಸುಮ್ಮನೆ ಎರಡು ತಡೆಯುವ ನಿಯಮ ಬರೆದಿಟ್ಟಿರುತ್ತದೆ, ಪಕ್ಕದಲ್ಲಿ ಕೆಂಪು ಗುರುತು ಇರುತ್ತದೆ. ತಡೆಯುವ ನಿಯಮ ಬಿಡುವ ನಿಯಮವನ್ನು ಮೀರುತ್ತದೆ. ನೀವು ಎಷ್ಟು ಅಲೋ ಸೇರಿಸಿದರೂ ಆ ಕೆಂಪು ಗುರುತಿನವನ್ನು ಅಳಿಸುವ ತನಕ ಏನೂ ಒಳಗೆ ಬರುವುದಿಲ್ಲ.

ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಆನ್ ಇದ್ದರೆ ಅಲ್ಲೂ ಇವೇ ಎರಡು ನಿಯಮ. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ನ ಫೈರ್‌ವಾಲ್ ಪೋರ್ಟ್ ನೋಡುವುದಿಲ್ಲ, ಆ್ಯಪ್‌ಗೆ ಅನುಮತಿ ಕೊಟ್ಟರೆ ಆಯಿತು.

ಪರೀಕ್ಷೆ

ಟೊರೆಂಟ್ ಪ್ರೋಗ್ರಾಮ್ ಓಡುತ್ತಿರುವಾಗಲೇ ಪರೀಕ್ಷಿಸಿ. ಅದು ಮುಚ್ಚಿದ್ದರೆ ಎಲ್ಲವೂ ಸರಿ ಇದ್ದರೂ ಪೋರ್ಟ್ ಮುಚ್ಚಿದೆ ಎಂದೇ ಉತ್ತರ ಬರುತ್ತದೆ. ಮೊದಲು ವಿಂಡೋಸ್‌ನ ರಿಸೋರ್ಸ್ ಮಾನಿಟರ್ ತೆರೆದು ನೆಟ್‌ವರ್ಕ್ ಟ್ಯಾಬಿನ ಕೆಳಗೆ ಲಿಸನಿಂಗ್ ಪೋರ್ಟ್ಸ್ ನೋಡಿ. ಕ್ಯೂಬಿಟ್‌ಟೊರೆಂಟ್ ಹೆಸರಿನ ಎದುರು 28417 ಟಿಸಿಪಿಗೊಮ್ಮೆ, ಯುಡಿಪಿಗೊಮ್ಮೆ ಕಾಣಬೇಕು. ಕೊನೆಯ ಕಾಲಮ್ಮಿನಲ್ಲಿ ಫೈರ್‌ವಾಲ್ ಬಿಟ್ಟಿದೆಯೋ ಇಲ್ಲವೋ ಎಂಬುದೂ ಇದೆ. ಇಲ್ಲಿ ಸರಿಯಿದ್ದೂ ಹೊರಗಿನ ಪೋರ್ಟ್ ಪರೀಕ್ಷೆಯ ಸೈಟ್ ಮುಚ್ಚಿದೆ ಎಂದರೆ ತಪ್ಪು ಬಹುತೇಕ ರೌಟರ್‌ನಲ್ಲಿ ಅಥವಾ ಅದರಾಚೆ. ಇಂಥ ಸೈಟುಗಳು ಸಾಮಾನ್ಯವಾಗಿ ಟಿಸಿಪಿಯನ್ನು ಮಾತ್ರ ನೋಡುತ್ತವೆ.

ನಿಜವಾದ ಸಾಕ್ಷಿ ಪ್ರೋಗ್ರಾಮಿನ ಒಳಗೇ ಸಿಗುತ್ತದೆ. ಓಡುತ್ತಿರುವ ಟೊರೆಂಟಿನ ಪೀರ್ಸ್ ಟ್ಯಾಬಿನಲ್ಲಿ ಫ್ಲ್ಯಾಗ್ಸ್ ಎಂಬ ಕಾಲಮ್ ಇದೆ. ಅಲ್ಲಿ ಇಂಗ್ಲಿಷಿನ ದೊಡ್ಡ ಐ ಅಕ್ಷರ ಕಂಡರೆ ಆ ಪೀರ್ ತಾನಾಗಿ ಹೊರಗಿನಿಂದ ನಿಮ್ಮಲ್ಲಿಗೆ ಬಂದಿದೆ ಎಂದರ್ಥ. ಕೆಳಗಿನ ಪಟ್ಟಿಯ ಸಂಪರ್ಕದ ಗುರುತು ಬದಲಾಗುವುದೂ ಹಾಗೆ ಯಾರಾದರೂ ಒಬ್ಬರು ಬಂದ ಮೇಲೆಯೇ. ಎಲ್ಲ ಟೊರೆಂಟ್ ನಿಲ್ಲಿಸಿಟ್ಟು ಗುರುತನ್ನೇ ನೋಡುತ್ತ ಕೂತರೆ ಅದು ಬದಲಾಗುವುದಿಲ್ಲ. ಜನ ಹೆಚ್ಚಿರುವ ಒಂದು ಲಿನಕ್ಸ್ ಟೊರೆಂಟ್ ಹಾಕಿ ಅರ್ಧ ಗಂಟೆ ಬಿಡಿ.

ಪಬ್ಲಿಕ್ ಐಪಿ ಸಿಗದಿದ್ದರೆ ಐಪಿವಿ6

ಕಂಪ್ಯೂಟರ್‌ಗೆ 2ರಿಂದ ಶುರುವಾಗುವ ಐಪಿವಿ6 (ಹೊಸ ಬಗೆಯ ಉದ್ದನೆಯ) ವಿಳಾಸ ಬಂದಿದ್ದರೆ ಸಿಜಿನ್ಯಾಟ್ ಆ ದಾರಿಗೆ ಅಡ್ಡ ಬರುವುದಿಲ್ಲ. ಎಫ್‌ಇ80 ಎಂದು ಶುರುವಾಗುವುದು ಮನೆಯೊಳಗಿನದು, ಅದು ಲೆಕ್ಕಕ್ಕಿಲ್ಲ. ಇಲ್ಲಿ ಫಾರ್ವರ್ಡಿಂಗ್ ಇಲ್ಲ, ರೌಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ 28417ನ್ನು ಒಳಗೆ ಬಿಡುವ ನಿಯಮವಷ್ಟೇ ಬೇಕು. ಕೆಲವು ಅಗ್ಗದ ಓಎನ್‌ಟಿಗಳಲ್ಲಿ ಆ ಪುಟವೇ ಇರುವುದಿಲ್ಲ. ಇನ್ನೊಂದು ಮಿತಿಯೂ ಇದೆ: ಐಪಿವಿ6 ಇರುವ ಪೀರ್‌ಗಳು ಮಾತ್ರ ಈ ದಾರಿಯಲ್ಲಿ ಬರಬಲ್ಲರು.

ತೆರೆದ ಮೇಲೆ

ಪೋರ್ಟ್ ತೆರೆದ ದಿನ ಮನೆಯವರೆಲ್ಲ ವಿಡಿಯೋ ನಿಂತಿತು ಎಂದರೆ ಕಾರಣ ಅಪ್‌ಲೋಡ್ ತುಂಬಿಹೋದದ್ದು. ನಿಮ್ಮ ಅಪ್‌ಲೋಡ್ ವೇಗದ ಮುಕ್ಕಾಲು ಭಾಗಕ್ಕೆ ಮಿತಿ ಹಾಕಿ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 5 ಎಂಬಿ, ಆದ್ದರಿಂದ ಮಿತಿಯ ಖಾನೆಯಲ್ಲಿ 3700 ಕೆಬಿ ಆಸುಪಾಸು ಬರೆಯಿರಿ. ಒಟ್ಟು ಸಂಪರ್ಕಗಳ ಮಿತಿ ಕ್ಯೂಬಿಟ್‌ಟೊರೆಂಟ್‌ನಲ್ಲಿ ಮೊದಲಿಗೆ 500 ಇರುತ್ತದೆ. ಸಣ್ಣ ಓಎನ್‌ಟಿ ಅಷ್ಟಕ್ಕೆ ಉಸಿರುಗಟ್ಟಿ ಹ್ಯಾಂಗ್ ಆದರೆ 200ಕ್ಕೆ ಇಳಿಸಿ. ಡೇಟಾ ಮಿತಿ ಇರುವ ಹಲವು ಪ್ಲ್ಯಾನ್‌ಗಳಲ್ಲಿ ಅಪ್‌ಲೋಡ್ ಕೂಡ ಲೆಕ್ಕಕ್ಕೆ ಬರುತ್ತದೆ, ಸೀಡ್ ಮಾಡುವವರು ಅದನ್ನು ನೋಡಿಕೊಳ್ಳಬೇಕು.

ಕೊನೆಯದಾಗಿ, ಫಾರ್ವರ್ಡಿಂಗ್ ಪುಟದ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಕಂಪನಿಯವರು ದೂರದಿಂದಲೇ ಓಎನ್‌ಟಿಯ ಸಾಫ್ಟ್‌ವೇರ್ ಬದಲಿಸಿದಾಗ ಅಥವಾ ರೀಸೆಟ್ ಮಾಡಿದಾಗ ನಿಮ್ಮ ನಿಯಮಗಳು ಅಳಿಸಿಹೋಗಬಹುದು. ಒಳಬರುವ ಪೀರ್‌ಗಳು ಇದ್ದಕ್ಕಿದ್ದಂತೆ ನಿಂತರೆ ಮೊದಲು ತೆರೆಯಬೇಕಾದದ್ದು ಆ ಪುಟವನ್ನೇ.